ಹೆಬ್ಬೆಟ್ಟಿಲ್ಲದ ಮಂಡಲದಲ್ಲಿ ಹೊಸ ವರ್ಷದ ಬರಹ

ಸಾಕ್ಷರತೆಯ ಕೆಲಸಕ್ಕೆ ಹೊಸದಾಗಿ ಸೇರಿದ ಅಶ್ವಿನಿ ಎಂಬ ಪದವೀಧರೆ ಕಳೆದ ಡಿಸೆಂಬರಿನಲ್ಲಿ ತೆಲುಗು ಸೀಮೆಯ ಗಡಿಯಲ್ಲಿರುವ ಜಹೀರಾಬಾದಿನ ನನ್ನ ಮನೆಗೆ ಬಂದಿದ್ದಳು. ಕಲಿಯುವ ಹೆಂಗಸರಿಗೆ ಹೊಸ ವರ್ಷದ ಬರವಣಿಗೆಯ ಗುರಿಗಳನ್ನು ಗೊತ್ತುಮಾಡಿ ಕಳುಹಿಸಬೇಕೆಂದು ಅವಳ ಮೇಲಿನವರು ಕೇಳಿದ್ದರು.

"ನೀವು ಇಡೀ ನೌಕ್ರಿ ಇದ್ರಾಗೇ ಮಾಡೀರಿ ಮೇಡಂ. ಒಂದ್ ಪುಟ ಬರ್ದು ಕೊಡ್ರಿ. ಪಾಯಿಂಟ್ ಪಾಯಿಂಟ್ ಇದ್ರ ಭಾಳ ಛಲೋ," ಎಂದಳು.

ನಾನು ಬರೆಯಲು ಕುಳಿತೆ. ಅದು ಒಂದು ಪುಟಕ್ಕೆ ಮುಗಿಯಲಿಲ್ಲ, ಪಾಯಿಂಟುಗಳಾಗಲೂ ಒಪ್ಪಲಿಲ್ಲ. ಬರೆಯುವುದನ್ನು ನಿಲ್ಲಿಸಿ ಅವಳನ್ನು ಎಳ್ಳಮಾವಾಸ್ಯೆಯ ದಿನ ಮನೂರ್ ಕಡೆಯ ಒಂದು ಹೊಲಕ್ಕೆ ಕರೆದೊಯ್ದೆ. ಅಲ್ಲಿ ನಡೆದದ್ದನ್ನು ಕೊನೆಗೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಅದಕ್ಕೂ ಹಿಂದಿನದನ್ನು ಹೇಳಲೇಬೇಕು.

ನಾನು ವಯಸ್ಕರ ಶಿಕ್ಷಣದ ಮೇಲ್ವಿಚಾರಕಿಯಾಗಿದ್ದೆ. ನಮ್ಮದು ಲಿಂಗವಂತರ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಅಂಗಡಿ ಬೀದಿಯಲ್ಲಿ ದಖನಿ ಉರ್ದು ಕೇಳಿ ಬೆಳೆದವಳು. ನೌಕರಿಯ ಹೆಚ್ಚಿನ ಕಾಲ ನಾರಾಯಣಖೇಡದಲ್ಲಿ ಕೋಣೆ ಹಿಡಿದು, ಶೇರ್ ಆಟೋಗಳಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕಂಗ್ಟಿ, ಮನೂರಿನ ಹಳ್ಳಿಗಳನ್ನು ಸುತ್ತಿದೆ. ಕೊನೆಯ ವರ್ಷಗಳನ್ನು ಶಿಕ್ಷೆಯ ರೂಪದಲ್ಲಿ ತಾಂಡೂರಿನಲ್ಲಿ ಕಳೆದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯುವಂಥದು ಬರಲೂ ಇಲ್ಲ.

ಈ ವೃತ್ತಿಗೆ ಬರುವ ಕಿರಿಯರು ಮೊದಲು ತಿಳಿಯಬೇಕಾದದ್ದು ಇದು. ಪ್ರತಿ ಜನವರಿಯಲ್ಲಿ ಮೇಲಿನ ಕಚೇರಿಯಿಂದ ಒಂದು ಗುರಿ ಇಳಿದು ಬರುತ್ತದೆ. ಒಬ್ಬ ಹೆಂಗಸು ಆ ವರ್ಷ ಏನನ್ನು ಬರೆಯಬೇಕೆಂದು ಆಕೆಯನ್ನು ಒಮ್ಮೆಯೂ ನೋಡದ ಗಂಡಸರು ಮೇಜಿನ ಸುತ್ತ ಕುಳಿತು ನಿರ್ಧರಿಸಿರುತ್ತಾರೆ. ಯಾರ ಬರವಣಿಗೆ, ಯಾರ ಗುರಿ ಎಂಬ ಪ್ರಶ್ನೆಯನ್ನು ನನ್ನ ಇಲಾಖೆ ನಾನಿದ್ದಷ್ಟು ಕಾಲವೂ ಕೇಳಿಕೊಳ್ಳಲಿಲ್ಲ. ಇದನ್ನು ಅಜಾಗರೂಕತೆ ಎಂದು ಕರೆದು ಕ್ಷಮಿಸಲು ನಾನು ಸಿದ್ಧಳಿಲ್ಲ. ಇದು ಅನ್ಯಾಯ.

ಅನ್ಯಾಯ ಶುರುವಾದದ್ದು ಪುಸ್ತಕದ ಮೊದಲ ಪುಟದಿಂದಲೇ. ನಮ್ಮ ಗಡಿಯ ಹಳ್ಳಿಗಳ ಹೆಂಗಸರು ನಾರಾಯಣಖೇಡದ ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಬಲ್ಲರು, ಬಸ್ಸಿನ ಕಂಡಕ್ಟರನ್ನು ತೆಲುಗಿನಲ್ಲಿ ಬೈಯಬಲ್ಲರು. ಆದರೆ ಅಳುವುದು, ಹಾಡುವುದು, ಮಗುವನ್ನು ಗದರುವುದು ಕನ್ನಡದಲ್ಲಿ. ಅವರಿಗೆ ಕೊಟ್ಟ ಪುಸ್ತಕ ಪೂರ್ತಿ ತೆಲುಗಿನದು. ತೆಲುಗಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನನಗೆ ಅನ್ನ ಕೊಟ್ಟ ಭಾಷೆ. ಅಕ್ಷರಗಳೂ ಅಕ್ಕತಂಗಿಯರಂತಿವೆ. ಮೊದಲು ಮನೆಯ ಮಾತಿನಲ್ಲಿ ಓದಿಸಿ, ಅಲ್ಲಿಂದ ತೆಲುಗಿಗೆ ದಾಟಿಸೋಣ ಎಂದು ಯೋಜನಾಧಿಕಾರಿಗಳ ಮುಂದೆ ಹೇಳಿದೆ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಗಡಿಯಲ್ಲಿ ಭಾಷೆಯ ಗಲಾಟೆ ಎಬ್ಬಿಸಬೇಡಿ ಎಂದು ಸಾಹೇಬರು ನನ್ನ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಒಂದು ಸಂಜೆ ಅವರು ಆ ಮನೂರ್ ಕಡೆಯ ಹಳ್ಳಿಯ ತರಗತಿ ನೋಡಲು ಬಂದರು. ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು. ತುಕ್ಕಮ್ಮ ಎಂಬ ಹಿರಿಯಳು, ನಾಲಿಗೆಯಿಂದಲೇ ಊರನ್ನು ಆಳುತ್ತಿದ್ದವಳು, ಪುಟವೊಂದನ್ನು ಗಡಗಡ ಓದಿ ಮುಗಿಸಿದಳು. ಸಾಹೇಬರಿಗೆ ಸಂತೋಷವಾಯಿತು. ನಾನು ಮುಂದೆ ಹೋಗಿ ಪುಟದಲ್ಲಿದ್ದ ಮನೆಯ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಪದವನ್ನು ಮಾತ್ರ ಓದಲು ಹೇಳಿದೆ.

ತುಕ್ಕಮ್ಮ ನನ್ನ ಕೈ ನೋಡಿದಳು. "ಕೈ ತೆಗಿರಿ ಅಕ್ಕೋರೆ. ಮನೀನೇ ಮುಚ್ಚಿದ್ರ ಯಾರ ಮನಿ ಅಂತ ಹೇಳ್ಲಿ?"

ಹೆಂಗಸರು ನಕ್ಕರು. ಸಾಹೇಬರು ನಗಲಿಲ್ಲ. ಚಿತ್ರ ನೋಡಿ ಪಾಠ ಒಪ್ಪಿಸುವುದನ್ನು ಓದು ಎಂದು ನಂಬಿದ್ದ ತಮ್ಮ ಮೇಲಲ್ಲ, ಚಿತ್ರ ಮುಚ್ಚಿದ ನನ್ನ ಮೇಲೆ ಅವರಿಗೆ ಕೋಪ ಬಂತು.

ಆ ತರಗತಿಯಲ್ಲಿ ಮಾಣಿಕಮ್ಮ ಇದ್ದಳು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡು ತವರಿಗೆ ಮರಳಿದವಳು. ಅವಳ ತಂದೆ ಸಾಯುವ ಮುಂಚೆ ಹಳ್ಳದ ದಂಡೆಯ ಕರಿ ಮಣ್ಣಿನ ತುಂಡು ಹೊಲವೊಂದನ್ನು ಊರವರ ಎದುರಿಗೆ ಅವಳಿಗೆ ಬಿಟ್ಟುಕೊಟ್ಟಿದ್ದ. ಮಾತಿನಲ್ಲಿ ಕೊಟ್ಟದ್ದು; ಸರ್ಕಾರದ ದಾಖಲೆಯಾದ ಪಟ್ಟಾದಲ್ಲಿ ಇನ್ನೂ ತಂದೆಯ ಹೆಸರೇ ಇತ್ತು. ಕಾನೂನಿನ ಪ್ರಕಾರವೂ ಮಗಳಾಗಿ ಅವಳಿಗೆ ಪಾಲು ಇತ್ತು. ಅವಳೇ ಬಿತ್ತುತ್ತಿದ್ದಳು, ಅವಳೇ ಕಳೆ ಕೀಳುತ್ತಿದ್ದಳು, ಹಿಂಗಾರಿ ಜೋಳ ಬೆಳೆದು ವರ್ಷದ ರೊಟ್ಟಿಯನ್ನು ಅಲ್ಲಿಂದಲೇ ತೆಗೆಯುತ್ತಿದ್ದಳು. ಅಣ್ಣ ಸಂಗಪ್ಪನ ಮನೆಯಲ್ಲಿ ಇದ್ದರೂ ಅಣ್ಣನ ಅನ್ನ ಉಣ್ಣದೆ ಇರಲು ಅವಳಿಗಿದ್ದ ಆಧಾರ ಆ ಹೊಲವೊಂದೇ.

ನಮ್ಮ ಕಡೆ ಎಳ್ಳಮಾವಾಸ್ಯೆ ಬರುವುದು ಡಿಸೆಂಬರ್ ಕೊನೆಗೆ ಇಲ್ಲವೇ ಜನವರಿಗೆ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗೂಡು ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ಕಡಬು, ಅಂಬಲಿ ಉಣ್ಣುತ್ತಾರೆ. ಆ ದಿನ ತರಗತಿ ಇಡುವಂತಿಲ್ಲ. ಹಾಗಾಗಿ ನಮ್ಮ ಹೆಂಗಸರು ತಾವೇ ಒಂದು ಪದ್ಧತಿ ಮಾಡಿಕೊಂಡರು. ಉಂಡ ಮೇಲೆ ಮಾಣಿಕಮ್ಮನ ಹೊಲದ ಬದುವಿನ ಮೇಲೆ ಕುಳಿತು, ಬರುವ ವರ್ಷ ಯಾರು ಏನು ಬರೆಯಬೇಕೆಂದಿದ್ದಾರೆ ಎಂಬುದನ್ನು ಬೆಳೆಯ ಮುಂದೆ ಒಬ್ಬೊಬ್ಬರೇ ಹೇಳುವುದು. ಹೊಲದ ಮುಂದೆ ಆಡಿದ ಮಾತನ್ನು ತಪ್ಪಬಾರದೆಂಬ ನಂಬಿಕೆ ಅವರದು. ನನ್ನ ಇಡೀ ನೌಕರಿಯಲ್ಲಿ ನಾನು ಕಂಡ ಬರವಣಿಗೆಯ ನಿಜವಾದ ಗುರಿಗಳು ಅವೇ.

ಒಬ್ಬಳು ಬೀದರಿನಲ್ಲಿರುವ ಮಗಳಿಗೆ ತಾನೇ ಕಾಗದ ಬರೆಯುವೆನೆಂದಳು. ಇನ್ನೊಬ್ಬಳು ಹಾಲಿನ ಲೆಕ್ಕವನ್ನು ಗೋಡೆಗೆ ಬರೆಯುವೆನೆಂದಳು. ತುಕ್ಕಮ್ಮ, "ನಾ ನನ್ನ ಗಂಡನ ಹೆಸರು ಬರೀತೀನಿ. ಬಾಯಿಲಿಂದ ಹೇಳಾಂಗಿಲ್ಲ ಅಂತ ಇಷ್ಟ ವರ್ಷ ಹೊಟ್ಟ್ಯಾಗ ಇಟಗೊಂಡೀನಿ. ಬರ್ದು, ಮ್ಯಾಲ ನಾಕ ಗೀಟ ಎಳ್ದು ಹಗರ ಆಗ್ತೀನಿ," ಎಂದಳು.

ಮಾಣಿಕಮ್ಮ ಬದುವಿನ ಕೊನೆಯ ಗಡಿಕಲ್ಲನ್ನು ತೋರಿಸಿದಳು. "ಆ ಕಲ್ಲಿನ ಮ್ಯಾಲ ನನ್ನ ಹೆಸರು ಬರೀತೀನಿ. ಹೊಲ ಯಾರ್ದು ಅಂತ ಹೋಗೋ ಬರೋ ಮಂದಿಗಿ ನಾ ಹೇಳಾಂಗ ಇರಬಾರ್ದು. ಕಲ್ಲೇ ಹೇಳ್ಬೇಕು."

ಅದೇ ಜನವರಿಯಲ್ಲಿ ಸಾಹೇಬರ ಗುರಿ ಬಂತು. ಯುಗಾದಿಯೊಳಗೆ ತಾಲೂಕಿನಂಥ ನಮ್ಮ ಮಂಡಲ ಹೆಬ್ಬೆಟ್ಟಿಲ್ಲದ ಮಂಡಲ ಆಗಬೇಕು. ಯಾವ ಕಚೇರಿಯಲ್ಲೂ ಯಾವ ಹೆಂಗಸೂ ಹೆಬ್ಬೆಟ್ಟು ಒತ್ತಕೂಡದು. ಎಲ್ಲರೂ ಸಹಿ ಮಾಡಬೇಕು. ಸಮಯ ಕಡಿಮೆ ಇದ್ದುದರಿಂದ ಓದುವ ಪಾಠಗಳನ್ನು ನಿಲ್ಲಿಸಿ ಹೆಸರು ಬರೆಸುವುದೊಂದನ್ನೇ ಮಾಡಬೇಕೆಂಬ ಆದೇಶ ಅದರ ಬೆನ್ನಿಗೇ ಬಂತು.

ಸಭೆಯಲ್ಲಿ ನಾನು ಎದ್ದು ನಿಂತೆ. ಓದಲು ಬಾರದವಳಿಗೆ ಸಹಿ ಕಲಿಸುವುದೆಂದರೆ ಕಣ್ಣು ಕಟ್ಟಿ ದಾರಿ ತೋರಿಸಿದಂತೆ ಎಂದೆ. ಸಾಹೇಬರು ತಾಳ್ಮೆಯಿಂದಲೇ ಉತ್ತರಿಸಿದರು. "ಓದು ಒಳಗೆ ಆಗುವಂಥದು, ಮೇಡಂ. ಅದನ್ನು ವೇದಿಕೆಯ ಮೇಲೆ ತೋರಿಸುವುದು ಹೇಗೆ? ಸಹಿ ಕಣ್ಣಿಗೆ ಕಾಣುತ್ತದೆ." ಆ ಸಭೆಯಲ್ಲಿ ಓದಿಕೊಂಡವರೇ ತುಂಬಿದ್ದರು. ಒಬ್ಬರೂ ನನ್ನ ಕಡೆ ಮಾತನಾಡಲಿಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ಜೊತೆ ಸಮಾನತೆಯ ಹಾಡು ಹಾಡಿದವರೂ ಅಲ್ಲಿದ್ದರು.

ಅವಸರಕ್ಕೆ ತಕ್ಕ ವಿಧಾನವನ್ನೂ ಹುಡುಕಲಾಯಿತು. ಒಬ್ಬ ಕಾರ್ಯಕರ್ತೆ ಹೆಸರನ್ನು ರಂಗೋಲಿಯಂತೆ ಚುಕ್ಕಿ ಇಟ್ಟು ಕಲಿಸತೊಡಗಿದಳು. ಚುಕ್ಕಿ ಕೂಡಿಸಿದರೆ ಹೆಸರು ಮೂಡುತ್ತದೆ. ದಿನವೂ ಬಾಗಿಲ ಮುಂದೆ ರಂಗೋಲಿ ಹಾಕುವ ಕೈಗಳಿಗೆ ಇದು ಎಷ್ಟು ಸುಲಭವಾಯಿತೆಂದರೆ ಕೆಲವೇ ವಾರಗಳಲ್ಲಿ ಹಳ್ಳಿಗೆ ಹಳ್ಳಿಯೇ ಸಹಿ ಮಾಡತೊಡಗಿತು. ಸಾಹೇಬರು ಇದನ್ನು ಹೊಸ ಆವಿಷ್ಕಾರವೆಂದು ಬೇರೆ ಮಂಡಲಗಳಿಗೂ ಕಳುಹಿಸಿದರು. ನಾನು ಹತ್ತಿರ ಕುಳಿತು ನೋಡಿದಾಗ ತುಕ್ಕಮ್ಮ ತನ್ನ ಹೆಸರನ್ನು ಕೊನೆಯ ಅಕ್ಷರದಿಂದ ಆರಂಭಿಸಿ ಹಿಂದಕ್ಕೆ ಬರೆಯುತ್ತಿದ್ದಳು.

"ತುಕ್ಕಮ್ಮ, ಇತ್ಲಾಗಿಂದ ಬರೀಬೇಕವ್ವ," ಎಂದೆ.

"ಯಾಕ್ರಿ? ಬಾಲದಿಂದ ಹಿಡದ್ರೂ ಅದು ನನ್ನ ಎಮ್ಮೀನೇ ಅಲ್ಲೇನು? ಚುಕ್ಕಿ ತಪ್ಪಿಲ್ಲ, ನೋಡ್ರಿ."

ಚುಕ್ಕಿ ತಪ್ಪಿರಲಿಲ್ಲ. ಮುಗಿದಾಗ ಆ ಹೆಸರು ಯಾರದೇ ಸಹಿಯಷ್ಟು ಸರಿಯಾಗಿತ್ತು. ಅದು ಅಕ್ಷರಗಳ ಚಿತ್ರವೇ ಹೊರತು ಅಕ್ಷರವಲ್ಲ ಎಂಬುದು ಕಾಗದ ನೋಡಿದ ಯಾರಿಗೂ ತಿಳಿಯುವಂತಿರಲಿಲ್ಲ. ಅಪಾಯ ಇದ್ದದ್ದೇ ಅಲ್ಲಿ.

ಮಾಣಿಕಮ್ಮನ ಕೈ ಎಲ್ಲರಿಗಿಂತ ಚೆನ್ನಾಗಿತ್ತು. ಅವಳು ಗಡಿಕಲ್ಲಿನ ಮೇಲೆ ಇದ್ದಿಲಿನಿಂದ ತನ್ನ ಹೆಸರು ಬರೆದಳು. ಮಳೆ ಅಳಿಸಬಾರದೆಂದು ಅದರ ಮೇಲೆ ಎಣ್ಣೆ ಸವರಿದಳು. ಆಟೋ ಅತ್ತ ಹಾಯುವಾಗ ಇಳಿದು ನೋಡಿದ್ದೇನೆ. ಆ ದಿನ ನನಗೂ ಹೆಮ್ಮೆಯಾಗಿತ್ತು.

ಯುಗಾದಿಗೆ ಸಮಾರಂಭವಾಯಿತು. ಕಚೇರಿಗಳಲ್ಲಿದ್ದ ಹೆಬ್ಬೆಟ್ಟಿನ ಸ್ಟಾಂಪ್ ಪ್ಯಾಡುಗಳನ್ನೆಲ್ಲ ತಂದು ಅಂಗಳದಲ್ಲಿ ರಾಶಿ ಹಾಕಿ, ಗಣ್ಯರ ಕೈಯಿಂದ ಬೆಂಕಿ ಹಚ್ಚಿಸಿದರು. ಕೆಟ್ಟ ವಾಸನೆಯ ಹೊಗೆ ಎದ್ದಿತು. ಮಾಣಿಕಮ್ಮನನ್ನು ವೇದಿಕೆಗೆ ಕರೆದು ಸಹಿ ಮಾಡಿಸಿ ಶಾಲು ಹೊದಿಸಿದರು. ಮಂಡಲ ಕಚೇರಿಯ ಬಾಗಿಲಿಗೆ ದೊಡ್ಡ ಫಲಕ ಬಂತು: ಇದು ಹೆಬ್ಬೆಟ್ಟಿಲ್ಲದ ಮಂಡಲ. ಗುರಿ ಮುಟ್ಟಿದ ಊರಿನಲ್ಲಿ ತರಗತಿ ನಡೆಸುವ ಅವಶ್ಯಕತೆಯಿಲ್ಲವೆಂದು ಮರುವಾರವೇ ಗುಡಿ ಕಟ್ಟೆಯ ತರಗತಿ ಮುಚ್ಚಿತು. ಪುಸ್ತಕಗಳನ್ನೂ ಹಿಂದಕ್ಕೆ ಪಡೆದರು. ಓದು ಅಲ್ಲಿಗೆ ನಿಂತಿತು.

ಈಗ ಕಿರಿಯರು ಗಮನವಿಟ್ಟು ಕೇಳಬೇಕಾದ ಮಾತು. ಹೆಬ್ಬೆಟ್ಟು ಒತ್ತುವವರನ್ನು ನಾವು ಹೀನಾಯವಾಗಿ ಕಾಣುತ್ತೇವೆ. ಆದರೆ ಆ ಹೆಬ್ಬೆಟ್ಟಿಗೆ ಒಂದು ರಕ್ಷಣೆ ಇತ್ತು. ಒತ್ತುವವಳಿಗೆ ಕಾಗದವನ್ನು ಓದಿ ಹೇಳಬೇಕು, ಓದಿ ಹೇಳಿದ್ದೇವೆಂದು ಅದರ ಮೇಲೆಯೇ ಬರೆಯಬೇಕು, ಗುರುತಿನವರು ಸಾಕ್ಷಿಗೆ ನಿಲ್ಲಬೇಕು ಎಂಬ ವಾಡಿಕೆ ಇತ್ತು. ಸಹಿ ಮಾಡುವವಳಿಗೆ ಯಾರೂ ಏನನ್ನೂ ಓದಿ ಹೇಳಬೇಕಾಗಿಲ್ಲ. ಸಹಿ ಮಾಡಿದಳೆಂದರೆ ಓದಿಕೊಂಡಳೆಂದೇ ಅರ್ಥ. ನಾವು ಅವರ ಕೈಗೆ ಅಕ್ಷರ ಕೊಡಲಿಲ್ಲ, ಅವರಿಗಿದ್ದ ರಕ್ಷಣೆಯನ್ನು ಮಾತ್ರ ಕಿತ್ತುಕೊಂಡೆವು.

ಸಂಗಪ್ಪ ಇದನ್ನು ನಮ್ಮೆಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡ. "ಬಾ ತಂಗಿ, ಹೊಲದ ಪಟ್ಟಾ ನಿನ್ನ ಹೆಸರಿಗಿ ಮಾಡಸ್ತೀನಿ," ಎಂದು ತಂಗಿಯನ್ನು ರಿಜಿಸ್ಟ್ರಿ ಕಚೇರಿಗೆ ಕರೆದೊಯ್ದ. ಅವಳು ವೇದಿಕೆಯ ಶಾಲನ್ನೇ ಹೊದ್ದು ಹೋಗಿದ್ದಳಂತೆ. ತೋರಿಸಿದಲ್ಲೆಲ್ಲ ಚಂದವಾಗಿ ಸಹಿ ಮಾಡಿದಳು. ಅಲ್ಲಿನ ಗುಮಾಸ್ತ ಕೈಬರಹವನ್ನು ಹೊಗಳಿದ; ಒಂದು ಸಾಲನ್ನೂ ಓದಿ ಹೇಳಲಿಲ್ಲ. ಅದು ತಂದೆಯ ಆಸ್ತಿಯಲ್ಲಿ ತನಗೆ ಏನೂ ಬೇಡವೆಂದು ಬರೆದುಕೊಡುವ ಹಕ್ಕುಬಿಡುಗಡೆ ಪತ್ರ. ಜೋಳ ಬಿತ್ತುವ ಹದಕ್ಕೆ ಅವಳು ಹೊಲಕ್ಕೆ ಹೋದಾಗ ಅಣ್ಣನ ಟ್ರ್ಯಾಕ್ಟರ್ ಆಗಲೇ ಅಲ್ಲಿ ಕುಂಟೆ ಹೊಡೆಯುತ್ತಿತ್ತು.

ನಾನು ಅವಳನ್ನು ಜಹೀರಾಬಾದಿನ ಒಬ್ಬ ವಕೀಲರ ಹತ್ತಿರ ಕರೆತಂದೆ. ಒಳ್ಳೆಯ ಮನುಷ್ಯ. ಎಲ್ಲವನ್ನೂ ಕೇಳಿ ಅವರು ಹೇಳಿದ್ದು ಇಷ್ಟು. ಪಟ್ಟಾ ಬದಲಾಯಿಸುವ ಮುನ್ನ ಮಂಡಲ ಕಚೇರಿಯಲ್ಲಿ ವಿಚಾರಣೆ ಇರುತ್ತದೆ. ಅಲ್ಲಿ ಈ ಸಹಿ ನನ್ನದಲ್ಲ, ನನಗೆ ಸಹಿ ಮಾಡಲು ಬರುವುದೇ ಇಲ್ಲ ಎಂದು ಹೇಳಬೇಕು. ಬರೆದು ತೋರಿಸು ಎಂದರೆ ಬಾರದವಳಂತೆ ಗೀಚಬೇಕು. ವೇದಿಕೆಯ ಸಹಿಯ ಮಾತು ಬಂದರೆ ಚುಕ್ಕಿ ಕೂಡಿಸಿದ್ದಷ್ಟೇ ಎನ್ನಬೇಕು. ಆಗ ಪತ್ರದ ಮೇಲೆ ಅನುಮಾನ ಏಳುತ್ತದೆ, ಹೊಲ ಸದ್ಯಕ್ಕಾದರೂ ನಿಲ್ಲುತ್ತದೆ.

ಹಿಂತಿರುಗುವ ದಾರಿಯುದ್ದಕ್ಕೂ ಮಾಣಿಕಮ್ಮ ಮಂಡಿಯ ಮೇಲೆ ಬೆರಳಿನಿಂದ ತನ್ನ ಹೆಸರು ಬರೆಯುತ್ತಿದ್ದಳು.

ವಿಚಾರಣೆಯ ದಿನ ಸಂಗಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ತುಕ್ಕಮ್ಮ ನಮ್ಮ ಜೊತೆಗಿದ್ದಳು. ಅಧಿಕಾರಿ ತೆಲುಗಿನಲ್ಲಿ ಕೇಳಿದರು. ತೆಲುಗು ಬಂದರೂ ಮಾಣಿಕಮ್ಮ ಕನ್ನಡದಲ್ಲೇ ಉತ್ತರ ಕೊಟ್ಟಳು, ನಾನು ತಿಳಿಸಿ ಹೇಳುತ್ತಿದ್ದೆ. ಅವರು ಪತ್ರವನ್ನು ಅವಳ ಮುಂದೆ ಸರಿಸಿ, ಈ ಸಹಿ ನಿನ್ನದೋ ಅಲ್ಲವೋ ಎಂದರು.

ಅವಳು ಸಹಿಯ ಮೇಲೆ ಬೆರಳಾಡಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದೇ ಒಂದು ಸುಳ್ಳು ಹೇಳಿದರೆ ಹೊಲ ಉಳಿಯಬಹುದಿತ್ತು.

"ನಂದೇ," ಎಂದಳು.

"ಇನ್ನೊಮ್ಮೆ ವಿಚಾರ ಮಾಡಿ ಹೇಳು ಮಾಣಿಕಮ್ಮ," ಎಂದೆ ನಾನು. ಅಧಿಕಾರಿ ನನ್ನನ್ನು ಗದರಿದರು.

"ಏನ ವಿಚಾರ ಮಾಡ್ಲಿ ಅಕ್ಕೋರೆ? ಬರದಾಕಿ ನಾನೇ. ಕಾಗದದಾಗ ಏನ ಅದ ಅಂತ ನಂಗ ಗೊತ್ತಿದ್ದಿಲ್ಲ, ಅದು ಖರೆ. ಆದ್ರ ಈ ಹೆಸರು ನಂದಲ್ಲ ಅಂತ ಹ್ಯಾಂಗ ಅನ್ಲಿ? ಜಲ್ಮದಾಗ ನಾ ಬರದದ್ದು ಅದೊಂದೇ ಅದ."

ಅಧಿಕಾರಿ ಬಿಳಿ ಹಾಳೆ ಮತ್ತು ಪೆನ್ನು ಕೊಟ್ಟರು. ಅವಳು ಕುಳಿತು, ವೇದಿಕೆಯ ಮೇಲೆ ಬರೆದಷ್ಟೇ ಚಂದವಾಗಿ ಬರೆದಳು. ಪತ್ರದ ಸಹಿಗೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಅಧಿಕಾರಿ ತೃಪ್ತರಾಗಿ, ಓದುಬರಹ ಬಲ್ಲ ಮಹಿಳೆ ಸ್ವಇಚ್ಛೆಯಿಂದ ಸಹಿ ಮಾಡಿದ್ದಾಳೆಂದು ಬರೆದರು. ಓದು ಎಂಬ ಪದವನ್ನು ಅವರು ಬರಹದ ಮುಂದೆ ಯಾವ ಆಧಾರದಿಂದ ಸೇರಿಸಿದರೆಂದು ನಾನು ಕೇಳಿದೆ. ಬಾಗಿಲ ಮೇಲಿನ ಫಲಕ ತೋರಿಸಿದರು.

ಹೊರಗೆ ಬಂದಾಗ ಸಂಗಪ್ಪ ತಂಗಿಯ ಹತ್ತಿರ ಬಂದು, "ನಿನ್ನ ಬ್ಯಾಡ ಅಂದಾರ ಯಾರ? ಮನ್ಯಾಗ ಇರು, ಉಣ್ಣು. ಹೊಲದಾಗ ಭೀ ಕೆಲ್ಸ ಮಾಡು," ಎಂದ.

ತುಕ್ಕಮ್ಮ ಮಧ್ಯೆ ಬಂದಳು. "ಭಾಳ ದೊಡ್ಡ ಮನಸಪ್ಪ ನಿಂದು. ಆಕಿ ಹೊಲ ಆಕಿಗೇ ಕೂಲಿಗಿ ಕೊಟ್ಟಿ."

ಮುಂದಿನ ಎಳ್ಳಮಾವಾಸ್ಯೆಗೆ ಹೆಂಗಸರು ಆ ಬದುವಿನ ಮೇಲೆ ಕೂಡುವಂತಿರಲಿಲ್ಲ. ಪಕ್ಕದಲ್ಲೇ ಇದ್ದ ತುಕ್ಕಮ್ಮನ ಹೊಲದಲ್ಲಿ ಕೂಡಿದರು. ಅಲ್ಲಿಂದ ಸಂಗಪ್ಪನ ಪೂಜೆ ಕಾಣುತ್ತಿತ್ತು. ಅವನು ಪಾಂಡವರ ಕಲ್ಲುಗಳಿಗೆ ಸುಣ್ಣ ಬಳಿದು, ಮಿಕ್ಕ ಸುಣ್ಣವನ್ನು ಗಡಿಕಲ್ಲಿಗೂ ಬಳಿದ. ಇದ್ದಿಲಿನ ಹೆಸರು ಸುಣ್ಣದಡಿ ಹೋಯಿತು. ಬರುವ ವರ್ಷದ ಮಾತು ಸುತ್ತಿಕೊಂಡು ಮಾಣಿಕಮ್ಮನ ಹತ್ತಿರ ಬಂದಾಗ ಅವಳು ಜೋಳದ ತೆನೆಗಳ ಕಡೆ ತಿರುಗಿ ಹೇಳಿದಳು.

"ಇನ್ನ ನಾ ಬರಿಯಂಗಿಲ್ಲ. ಯಾರರ ಕಾಗದ ತಂದ್ರ ಓದಿಸಿ ಕೇಳ್ತೀನಿ, ತಿಳದ್ರ ಹೆಬ್ಬಟ್ಟ ಒತ್ತೀನಿ. ದಸ್ಕತ್ ಮಾಡಂಗಿಲ್ಲ."

ಅವಳು ಅದನ್ನು ಬಾಯಿಮಾತಿಗೆ ಬಿಡಲಿಲ್ಲ. ಜನವರಿಯಲ್ಲಿ ಹೊಲದ ವಿಷಯವಾಗಿ ಮೇಲಿನವರಿಗೆ ಮನವಿ ಕೊಡಬೇಕೆಂದಾಗ ನಾನು ಬರೆದದ್ದನ್ನು ಅವಳಿಗೆ ಸಾಲು ಸಾಲಾಗಿ ಓದಿ ಹೇಳಿದೆ. ಎರಡು ಕಡೆ ನನ್ನ ಮಾತು ತಿದ್ದಿಸಿದಳು. ನಂತರ ಮಂಡಲ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಲು ಸ್ಟಾಂಪ್ ಪ್ಯಾಡ್ ಕೇಳಿದಳು.

"ಈ ಮಂಡಲದಾಗ ಹೆಬ್ಬಟ್ಟ ನಡಿಯಂಗಿಲ್ಲಮ್ಮ," ಎಂದ ಗುಮಾಸ್ತ. "ಬಾಗಲಾಗ ಬೋರ್ಡ್ ಓದಿಲ್ಲೇನು?"

"ಬೋರ್ಡ್ ಓದಾಕ ಬರಂಗಿಲ್ಲ ಅಂತನೇ ಹೆಬ್ಬಟ್ಟ ಒತ್ತಾಕ ಬಂದೀನ್ರಿ."

ಆತ ಅವಳ ಮುಖ ನೋಡಿದ. ಶಾಲು ಹೊದಿಸಿಕೊಂಡ ಹೆಂಗಸೆಂದು ಗುರುತು ಹತ್ತಿತು. "ನಿಂಗ ಛಲೋ ದಸ್ಕತ್ ಬರ್ತದ. ಸುಮ್ನ ನಾಟಕ ಮಾಡಬ್ಯಾಡ. ಪ್ಯಾಡ್ ಇಲ್ಲ ಇಲ್ಲಿ. ಎಲ್ಲಾ ಸುಟ್ಟಾರ."

ತುಕ್ಕಮ್ಮ ಹೊರಗೆ ಹೋದಳು. ಗೇಟಿನ ಚಹಾದ ಅಂಗಡಿಯವನ ಹತ್ತಿರ ಕೆಟಲಿಯನ್ನೇ ಇಸಿದುಕೊಂಡು ಬಂದು ಗುಮಾಸ್ತನ ಮೇಜಿನ ಮೇಲೆ ಅಡಿ ಮೇಲಾಗಿ ಇಟ್ಟಳು. "ತಗೋರಿ ಸಾಬ್. ಇದನ್ನ ಇನ್ನೂ ಯಾರೂ ಸುಟ್ಟಿಲ್ಲ. ದಿನಾ ಒಲಿ ಮ್ಯಾಲ ಸುಡ್ಲತಾದ, ಅಷ್ಟೇ."

ಮಾಣಿಕಮ್ಮ ಕೆಟಲಿಯ ಮಸಿಗೆ ಹೆಬ್ಬೆಟ್ಟು ಒರೆಸಿ ಮನವಿಯ ಮೇಲೆ ಒತ್ತಿದಳು. ಅದು ಸ್ಪಷ್ಟವಾಗಿ ಮೂಡಿತು. ಮನವಿ ಮಾತ್ರ ಸ್ವೀಕಾರವಾಗಲಿಲ್ಲ. ಅಲ್ಲಿಂದ ಹೋದ ಸುದ್ದಿ ಸಾಹೇಬರಿಗೆ ಮುಟ್ಟಿ, ಸಾಧಿಸಿದ ಗುರಿಯನ್ನು ಹಿಂದಕ್ಕೆಳೆಯಲು ಹೆಂಗಸರನ್ನು ಎತ್ತಿಕಟ್ಟಿದ ಆರೋಪದ ಮೇಲೆ ನನಗೆ ಮೆಮೊ ಬಂತು. ನನ್ನ ಉತ್ತರವನ್ನು ಅವರು ಓದಿದರೋ ಇಲ್ಲವೋ ತಿಳಿಯದು. ತಾಂಡೂರಿಗೆ ವರ್ಗವಾಯಿತು.

ತಾಂಡೂರಿನಲ್ಲಿ ನಾನು ಕಂಡದ್ದು ಕಲ್ಲಿನ ಧೂಳು. ನೆಲಕ್ಕೆ ಹಾಸುವ ಹಾಸುಗಲ್ಲನ್ನು ಕೊರೆದು ಪಾಲಿಶ್ ಮಾಡುವ ಶೆಡ್ಡುಗಳಲ್ಲಿ ಕೆಲಸಕ್ಕೆ ಹೋಗುವ ಹೆಂಗಸರಿಗೆ ಅಲ್ಲಿ ತರಗತಿ. ಅಷ್ಟರಲ್ಲಿ ವಿಧಾನಗಳು ಬದಲಾಗಿದ್ದವು. ರೇಷನ್ ಅಂಗಡಿಗೆ ಬೆರಳಿನ ಮಿಷನ್ನು ಬಂದಿತ್ತು. ಯಾವ ಹೆಬ್ಬೆಟ್ಟನ್ನು ಅಜ್ಞಾನದ ಗುರುತೆಂದು ಬೆಂಕಿಗೆ ಹಾಕಿದ್ದೆವೋ ಅದನ್ನೇ ಈಗ ಸರ್ಕಾರ ಎಲ್ಲರಿಂದಲೂ ಕೇಳುತ್ತಿತ್ತು. ಚಂದ್ರಮ್ಮ ಎಂಬ ಪಾಲಿಶ್ ಕೆಲಸದವಳ ಬೆರಳುಗಳನ್ನು ಮಿಷನ್ನು ಗುರುತಿಸುತ್ತಿರಲಿಲ್ಲ. ಕಲ್ಲು ತಿಕ್ಕಿ ತಿಕ್ಕಿ ಬೆರಳ ತುದಿಯ ಗೆರೆಗಳು ಸವೆದುಹೋಗಿದ್ದವು.

"ಕಲ್ಲು ನುಣ್ಣಗ ಆತು, ಕೂಡ ನಾ ಭೀ ನುಣ್ಣಗ ಆದ್ನಿ," ಎಂದಳು ಅವಳು, ಖಾಲಿ ಚೀಲ ಮಡಚುತ್ತ. "ದಸ್ಕತ್ ಮಾಡ್ತೀನಿ ಅಂದ್ರ ಮಿಷನ್‌ಗಿ ದಸ್ಕತ್ ತಿಳಿಯಂಗಿಲ್ಲಂತ. ನೀವು ಇದನ್ನ ಯಾಕ ಕಲಿಸಿದ್ರಿ ಅಕ್ಕೋರೆ?"

ಮಿಷನ್ನಿಗೆ ಹೆಬ್ಬೆಟ್ಟು ಕೊಡುವಾಗಲೂ ಯಾರೂ ಏನನ್ನೂ ಓದಿ ಹೇಳುವುದಿಲ್ಲ. ಹೆಬ್ಬೆಟ್ಟು ಮರಳಿ ಬಂತು, ಅದರ ಜೊತೆಗಿದ್ದ ರಕ್ಷಣೆ ಮರಳಲಿಲ್ಲ. ವಿಧಾನ ಎಷ್ಟೇ ಬದಲಾಗಲಿ, ಕೊಡುವ ಕೈ ಅವರದು, ಬರೆಯುವ ಕೈ ಇನ್ನೊಬ್ಬರದು ಎಂಬುದು ಬದಲಾಗಲಿಲ್ಲ. ನಾನು ನಿವೃತ್ತಳಾದ ದಿನ ನನಗೂ ಶಾಲು ಹೊದಿಸಿದರು. ಅದನ್ನು ನಾನು ಹೊದ್ದಿಲ್ಲ.

ಅಶ್ವಿನಿಯನ್ನು ನಾನು ಕರೆದೊಯ್ದದ್ದು ತುಕ್ಕಮ್ಮನ ಹೊಲಕ್ಕೆ. ಹೆಂಗಸರಿಗೆ ವಯಸ್ಸಾಗಿದೆ, ಪದ್ಧತಿಯನ್ನು ಬಿಟ್ಟಿಲ್ಲ. ತುಕ್ಕಮ್ಮನ ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಅಶ್ವಿನಿ ಬ್ಯಾಗಿನಿಂದ ತೆಲುಗಿನಲ್ಲಿ ಅಚ್ಚಾದ ಹಾಳೆಗಳನ್ನು ತೆಗೆದಳು. ಹೊಸ ವರ್ಷದ ಗುರಿಪತ್ರಗಳು. ಒಬ್ಬೊಬ್ಬರೂ ಕೆಳಗೆ ಸಹಿ ಮಾಡಿದರೆ ಅವಳ ಕೆಲಸ ಆಗುತ್ತಿತ್ತು. ಒಳ್ಳೆಯ ಹುಡುಗಿ, ಅವಸರದಲ್ಲಿದ್ದಳು. ನಾರಾಯಣಖೇಡಕ್ಕೆ ಹೋಗುವ ಆಟೋ ತಪ್ಪಬಾರದಿತ್ತು.

ಆ ಬೆಳಿಗ್ಗೆ ಮಾಣಿಕಮ್ಮ ಸಂಗಪ್ಪನ ಪಾಂಡವರ ಗೂಡಿಗೆ ದಂಟು ಹೊತ್ತು ಹಾಕಿ ಬಂದಿದ್ದಳು; ಇತರ ದಿನಗಳಲ್ಲೂ ಅವಳು ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಾಳೆ. ಹಾಳೆ ತನ್ನ ಮುಂದೆ ಬಂದಾಗ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಏನ ಬರದೀರಿ ಇದ್ರಾಗ? ಓದ್ರಿ."

"ಏನಿಲ್ಲಮ್ಮ, ಈ ವರ್ಷ ಓದು ಬರಹ ಕಲೀತೀನಿ ಅಂತ ಅದ," ಎಂದಳು ಅಶ್ವಿನಿ. "ಉಳದದ್ದು ಎಲ್ಲಾರ್ದೂ ಹಂಗೇ ಇರ್ತದ."

"ಉಳದದ್ದೇ ಓದ್ರಿ."

ಅಶ್ವಿನಿ ನನ್ನ ಕಡೆ ನೋಡಿದಳು. ನಾನು ಹಾಳೆಯ ಕಡೆ ಕೈ ತೋರಿಸಿದೆ. ಅವಳು ತೆಲುಗಿನ ಒಂದೊಂದು ಸಾಲನ್ನೂ ಕನ್ನಡಕ್ಕೆ ತಂದು ಓದುತ್ತ ಹೋದಳು. ಹೆಂಗಸರು ಊಟ ನಿಲ್ಲಿಸಿ ಕೇಳಿದರು. ಸಹಿಯ ಜಾಗದ ಮೇಲಿನ ಕೊನೆಯ ಸಾಲಿಗೆ ಬಂದಾಗ ಅವಳ ದನಿ ತಗ್ಗಿತು. "ಮೇಲಿನದೆಲ್ಲವನ್ನೂ ನಾನೇ ಸ್ವತಃ ಓದಿ, ಅರ್ಥಮಾಡಿಕೊಂಡು, ಸಹಿ ಮಾಡಿದ್ದೇನೆ."

ಕಲಿಯುವ ಮೊದಲೇ ಓದಿದ್ದೇನೆಂದು ಬರೆಸಿಕೊಳ್ಳುವ ಆ ಹಾಳೆಯನ್ನು ತಂದವಳು ಅವಳೇ. ಅದುವರೆಗೆ ಅವಳೂ ಅದನ್ನು ಓದಿರಲಿಲ್ಲ.

"ಈ ಮಾತು ಯಾರ ಬರದಾರ?" ಎಂದು ಕೇಳಿದಳು ಮಾಣಿಕಮ್ಮ.

"ಮ್ಯಾಲಿನವ್ರು."

"ಓದಿದವ್ರು ಅವ್ರು, ತಿಳದವ್ರು ಅವ್ರು." ಮಾಣಿಕಮ್ಮ ಹಾಳೆಯನ್ನು ಎಡಗೈಯಿಂದ ಹಿಂದಕ್ಕೆ ಸರಿಸಿದಳು. "ಅವ್ರಿಗೇ ದಸ್ಕತ್ ಮಾಡಾಕ ಹೇಳ್ರಿ."

ತುಕ್ಕಮ್ಮ ನಗಲಿಲ್ಲ. ಅಶ್ವಿನಿ ಪೆನ್ನಿನ ಮುಚ್ಚಳ ಹಾಕಿದಳು. ರಸ್ತೆಯ ಮೇಲೆ ಅವಳ ಆಟೋ ಬಂದು, ಸ್ವಲ್ಪ ಹೊತ್ತು ಕಾದು, ಹೋಯಿತು. ಆಚೆ ಬದುವಿನ ಕೊನೆಗೆ, ಆ ಬೆಳಿಗ್ಗೆಯಷ್ಟೇ ಸುಣ್ಣ ಬಳಿಸಿಕೊಂಡ ಗಡಿಕಲ್ಲು ಬಿಸಿಲಿನಲ್ಲಿ ಬೆಳ್ಳಗೆ ನಿಂತಿತ್ತು.